ನೂರಕ್ಕ ಎಷ್ಟು

ಸಣ್ಣ ಕರುಳಿನಾಗ ಗಂಟು ಅಂದ್ರು.
ಅದರ ಹೆಸರು ಭಾಳ ಉದ್ದ,
ಹೇಳಾಕ ಹ್ವಾದ್ರ ಅರ್ಧಕ್ಕ ಎಳಿ ಹರೀತಿತ್ತು.
ನವನಗರದ ದವಾಖಾನಿಯಾಗ ಡಾಕ್ಟರು
ಹಾಳಿ ಮ್ಯಾಲೆ ಕರುಳು ಬರದು ತೋರಿಸಿದ್ರು:
ಇಲ್ಲಿಂದ ಇಲ್ಲೀತನಕ ಕತ್ತರಸ್ತೀವಿ,
ಈ ತುದಿಗೆ ಆ ತುದಿ ಕೂಡಸ್ತೀವಿ.

ಎಷ್ಟು ಹೋಗತೈತ್ರಿ, ಅಂದೆ.
ಒಂದೂವರಿ ಗೇಣು.
ಮೇಜಿನ ಮ್ಯಾಲೆ ಕೈ ಅಗಲಿಸಿ ಅಳದು ನೋಡಿದೆ.

ಮಗಳು ಕಲತಾಕಿ, ಕೇಳೇಬಿಟ್ಳು:
"ನೂರಕ್ಕ ಎಷ್ಟು ಮಂದಿ ಉಳೀತಾರ್ರಿ ಸರ್?"
ಅವರು ಕನ್ನಡಕ ತಗದು ಅಂಗಿ ಚುಂಗಿಗೆ ಒರಸಿದ್ರು.
"ನೂರು ಮಂದಿ ಎಲ್ಲಿಂದ ತರ್ಲೆವ್ವಾ,
ಹನ್ನೊಂದು ವರ್ಷದಾಗ ಈ ಗಂಟು ನಾ ಕಂಡದ್ದು ಒಂಬತ್ತು.
ನಿಮ್ಮವ್ವ ಹತ್ತನೇದಾಕಿ."
ಒಂಬತ್ತರಾಗ ಎಷ್ಟು ಅಂತ ಅಕಿ ಕೇಳಲಿಲ್ಲ.
ನಾನೂ ಕೇಳಲಿಲ್ಲ.
ಹೊರಗ ಯಾರದೋ ನಂಬರ್ ಕೂಗಿದ್ರು.

ಇಳಕಲ್ಲಿನಾಗ ನಲವತ್ತು ವರ್ಷ ಕೊಂಡಿ ಹಾಕಿದಾಕಿ ನಾನು.
ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ;
ಕುಣಿಕಿಯೊಳಗ ಕುಣಿಕಿ, ಒಂದೊಂದ ಎಳಿ,
ಸಾವಿರಗಟ್ಲೆ.
ಒಂದು ತಪ್ಪಿದ್ರ ಮಾಲಕನ ಕಣ್ಣಿಗೆ ಬೀಳೂದಿಲ್ಲ,
ಉಟ್ಟಾಕಿಗೆ ಗೊತ್ತಾಗತೈತಿ, ಮೂರನೇ ಒಗ್ಯಾಣಕ್ಕ.

ಆಪರೇಷನ್ ಆಗಿ ನಾಕನೇ ದಿನ
ಡಾಕ್ಟರು ಬಂದು ಕೇಳಿದ್ದು ಒಂದೇ ಮಾತು:
"ಗಾಳಿ ಹೋತೇನವ್ವಾ?"
ಹೂಂ, ಅಂದೆ, ಗ್ವಾಡಿ ನೋಡಕೋತ.
ಬಾಜೂ ಕಾಟಿನ ಮೆಹಬೂಬಬಿ ಸೆರಗು ಬಾಯಾಗ ತುರುಕ್ಕೊಂಡು ನಕ್ಕಳು.
ಅವರು ನಗಲಿಲ್ಲ. ಸ್ಟೂಲ್ ಎಳಕೊಂಡು ಕುಂತ್ರು,
ಬಿಸಲಾಗ ಹತ್ತು ಹರದಾರಿ ನಡದು ಬಂದವರಂಗ.
ಜ್ವಾಡು ಹಿಡದೈತಿ ಅಂತ ಆವಾಗ ತಿಳೀತು ನನಗ.

ಈಗ ಆರು ತಿಂಗಳಿಗೊಮ್ಮೆ ಫೋನ್ ಬರತೈತಿ.
ರಿಜಿಸ್ಟರ್ ಬರಿಯೋ ಹುಡುಗ ಪಡಿಯಪ್ಪ, ನಾಚಿಕಿ ಸ್ವಭಾವ.
ಕೇಳಬೇಕಾದ್ದು, ಅದೀರೇನ್ರಿ ಅಂತ;
ಕೇಳೂದು, ಊಟ ಆತೇನ್ರಿ.
ಆತಪ್ಪ, ರೊಟ್ಟಿ, ಪುಂಡಿಪಲ್ಲೆ. ಬರಕೋ.

ಹ್ವಾದ ಸಲ ನಾನೇ ಕೇಳಿದೆ,
ಐದು ವರ್ಷಕ್ಕ ಬಾಯಿ ಬಂತು:
ನನಗಿಂತ ಮೊದಲಿನ ಒಂಬತ್ತು ಮಂದಿ
ಯಾರ್ಯಾರು ಊಟ ಮಾಡ್ಯಾರಪ್ಪ?
ಹಾಳಿ ತಿರುವೋ ಸಪ್ಪಳ ಬಂತು.
ಭಾಳ ಹಾಳಿ ಅಲ್ಲ.
"ಜಮಖಂಡಿ ಅಜ್ಜ ಎತ್ತತಾನ್ರಿ, ಬೈತಾನ.
ಮುದ್ದೇಬಿಹಾಳದಾಕಿ ಮಗಳ ಬಾಣಂತನದಾಗ ಅದಾಳ.
ಇಂಡಿಯವರದು… ರಿಂಗ್ ಆಗತೈತ್ರಿ, ಬರೇ ರಿಂಗ್."

ಉಳಿದವರ ಹೆಸರು ಅವ ಹೇಳಲಿಲ್ಲ.

ಇಂಡಿಗೆ ಇನ್ನೊಮ್ಮೆ ಹಚ್ಚು, ಅಂದೆ.
ಹೊಲದಾಗ ಇದ್ದಾರು.