ಬಾಕಿಯಲ್ಲಾದ ಹೆಚ್ಚಳ

ಮುಂಡರಗಿ ಪುರಸಭೆಯ ಲೆಕ್ಕದ ಕೋಣೆ.
ಸಂಜೆ ಆರೂವರೆಗೆ ಕರೆಂಟು ಬಂತು, ಏಳಕ್ಕೆ ನೆಟ್ಟು.
ವರ್ಷದ ನಗದು ಹರಿವಿನ ಪಟ್ಟಿಯನ್ನು
ಊರಿಗೆಲ್ಲ ಕಾಣುವಂತೆ ಏರಿಸಿದೆ.
ಒಂಬತ್ತು ಪುಟ. ಎರಡು ಸಲ ನಡುವೆ ನಿಂತು,
ಮ್ಯಾಲಿನೋಣಿಯ ನಳದ ಹಾಗೆ ಕೆಮ್ಮಿ, ಮತ್ತೆ ಹೊರಟಿತು.

ಬೆಳಿಗ್ಗೆ ಮರ್ದಾನಸಾಬ ಬಂದ,
ನೀರು ಬಿಡುವವ. ಹೆಗಲ ಮೇಲೆ ವಾಲ್ವಿನ ಉದ್ದ ಕೀಲಿ,
ಕಿಸೆಯಲ್ಲಿ ಮಗಳ ಮೊಬೈಲು.
"ಅಕ್ಕಾರ, ಹರಿವು ಅಂತ ಬರದೀರಿ.
ಹರಿಯೂದಂದ್ರ ನನಗ ಗೊತ್ತೈತಿ.
ಇದರಾಗ ನಾ ಎಲ್ಲದೀನಿ, ತೋರಸ್ರಿ."

ಗೊತ್ತಿರುವುದು ನಿಜ.
ಎಂಟು ದಿನಕ್ಕೊಮ್ಮೆ ತುಂಗಭದ್ರೆಯನ್ನು
ಓಣಿ ಓಣಿಗೆ ಪಾಲು ಹಾಕುವವ;
ಎಷ್ಟು ಸುತ್ತು ತಿರುವಿದರೆ ಯಾರ ಕೊಡ ತುಂಬೀತು,
ಎಲ್ಲಿ ಮಣ್ಣೊಳಗೇ ಸೋರಿ ಹೋದೀತು,
ಕೀಲಿಗೆ ಕಿವಿ ಹಚ್ಚಿ ಹೇಳುವವ.

ಪರದೆ ಸರಿಸುತ್ತ ಹೋದೆ.
ಪ್ರಾರಂಭ ಶಿಲ್ಕು. ಮನೆ ಕರ. ನೀರಿನ ಕರ.
ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಓಡಿ ಬಂದ ಅನುದಾನ.
ಕಂಸದೊಳಗಿದ್ದದ್ದೆಲ್ಲ ಹೊರಗೆ ಹೋದ ರೊಕ್ಕ, ಅಂದೆ.
"ಕಂಸ ಅಂದ್ರ?"
ಎರಡೂ ಅಂಗೈ ಬಾಗಿಸಿ ತೋರಿಸಿದೆ.
"ಬೊಗಸಿ," ಅಂದ. "ನೀರು ಕುಡ್ಯಾಕ ಹಿಡೀತೀವಲ್ಲ, ಹಂಗ.
ಮತ್ತ ಇದು ತುಂಬಿದ್ದಕ್ಕಲ್ಲ, ಖಾಲಿ ಆದದ್ದಕ್ಕ?"

ಹೌದು. ಬೀದಿದೀಪದ ಬಿಲ್ಲು, ಬೊಗಸೆಯಲ್ಲಿ.
ಗಟಾರದ ಹೂಳು, ಜೆಸಿಬಿಯ ಡೀಸೆಲ್ಲು,
ಸಭೆಯ ದಿನದ ಮಿರ್ಚಿ ಮಂಡಕ್ಕಿ ಕೂಡ.
ಮರ್ದಾನಸಾಬನ ಮೂರು ತಿಂಗಳ ಪಗಾರ
ಯಾವ ಬೊಗಸೆಯಲ್ಲೂ ಇರಲಿಲ್ಲ.
ಕೊಟ್ಟರೆ ತಾನೇ ಹೋಗುವುದು.

ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ಬೆರಳು
ಕೇಳದೆಯೇ ನಾಲ್ಕನೆಯ ಪುಟಕ್ಕೆ ಹೋಗಿ ನಿಂತಿತು:
ಕೊಡಬೇಕಾದ ಬಾಕಿಯಲ್ಲಾದ ಹೆಚ್ಚಳ.
ಕಂಸವಿಲ್ಲ. ಕೂಡಿಸಿದೆ.
ತಪ್ಪೇನಲ್ಲ, ನಿಯಮವೇ ಹಾಗಿದೆ,
ಪರಿಶೋಧಕರ ಹಸಿರು ಗೀಟೂ ಬಿದ್ದಿದೆ:
ಕೊಡದೆ ಇಟ್ಟುಕೊಂಡದ್ದು
ಕೈಗೆ ಬಂದದ್ದರ ಕಡೆಗೇ ಸೇರುತ್ತದೆ.

"ಇಲ್ಲೆ ಅದೀ ನೋಡಪಾ," ಅಂದೆ,
"ನೀನೂ, ಇನ್ನ ಹದಿನೆಂಟು ಮಂದೀನೂ."

ಅವ ಬಗ್ಗಿ ನೋಡಿದ. ಗಾಜಿಗೆ ಉಸಿರು ತಾಗಿತು.
"ಅಂದ್ರ, ಪುರಸಭೆಗೆ ನಾ ಕೊಟ್ಟಂಗಾತು."
ನಗುತ್ತಾನೇನೋ ಅಂದುಕೊಂಡೆ, ನಗಲಿಲ್ಲ.
"ಕೊಟ್ಟವ್ರ ಹೆಸರು ಹಾಕೂದಿಲ್ಲೇನ್ರಿ?
ದರ್ಗಾದಾಗ ಒಂದು ಟ್ಯೂಬ್‌ಲೈಟ್ ಕೊಟ್ರೂ
ಅದರ ಮ್ಯಾಲ ಬರೀತಾರಲ್ಲ."

ಕೀಲಿ ಹೊತ್ತು ಹೋದ. ಮೆಟ್ಟಿಲಿಗೆ ಬಡಿದ ಕಬ್ಬಿಣದ ಸದ್ದು
ನಾಲ್ಕು ಸಲ ಕೇಳಿಸಿತು.

ಆಖೈರು ಶಿಲ್ಕು ಹೋದ ವರ್ಷಕ್ಕಿಂತ
ಮೂರು ಲಕ್ಷ ಹೆಚ್ಚು.
ಸಾಹೇಬರು ನಿನ್ನೆಯೇ ಶಹಬಾಸ್ ಅಂದಿದ್ದರು.
ಅವನ ಉಸಿರಿನ ಮಸುಕು ಗಾಜಿನಿಂದ ಆರುತ್ತ ಬಂದು
ಅಂಕಿ ಮೊದಲಿಗಿಂತ ಸ್ವಚ್ಛ ಕಂಡಿತು.

ಹತ್ತೂವರೆಗೆ, ಹೇಳಿದ ಹೊತ್ತಿಗೇ,
ಹಿತ್ತಲ ನಳ ಕೆಮ್ಮಿತು.