ಹಳದಿ ಹನಿ

ಎಷ್ಟೋ ಮರಿಗಳಿಗೆ ಕೆಚ್ಚಲು ತೋರಿಸಿದ ಕೈ ಇದು.
ತಾಯಿಯೇ ಒದ್ದು ಓಡಿಸಿದ ಮರಿಯ ಪಕ್ಕ
ಹಿಮದಲ್ಲಿ ಮಂಡಿಯೂರಿ
ತೋಯ್ಗ್, ತೋಯ್ಗ್ ಎಂದು ರಾಗ ಎಳೆದಿದ್ದೇನೆ,
ಕುರಿ ಮೆತ್ತಗಾಗುವ ತನಕ.

ಈಗ ಮುರುನ್ ಪಟ್ಟಣದ ಆಸ್ಪತ್ರೆಯಲ್ಲಿ
ರೇಡಿಯೇಟರ್ ಟಕಟಕ ಎನ್ನುವ ಕೋಣೆಯಲ್ಲಿ
ನನ್ನದೇ ಕೂಸು
ಬಾಯಿ ತೆರೆಯುತ್ತದೆ, ತಪ್ಪುತ್ತದೆ,
ಮುಖ ತಿರುಗಿಸಿ ಕಿರುಚಿ
ಅಂಗಿಯ ಗುಂಡಿ ಚೀಪುತ್ತದೆ!

ಅತ್ತೆ ಥರ್ಮಾಸು ತೊಡೆಗವಚಿ ಕೂತಿದ್ದಾರೆ.
"ಕುರಿಬಾಲದ ಕೊಬ್ಬು ತಂದಿದ್ದೇನೆ, ಚೀಪಲಿ.
ನಿನ್ನ ಗಂಡ ಬೆಳೆದದ್ದು ಅದರಲ್ಲೇ."
ನರ್ಸ್ ಯಂಜ್ಮಾ ಬೇಡವೆನ್ನಲಿಲ್ಲ, ಹೂಂ ಎನ್ನಲಿಲ್ಲ,
ಕೊಬ್ಬಿನ ತುಂಡನ್ನು ಕಿಟಕಿಯಾಚೆ ಇಟ್ಟು ಬಂದಳು,
ಕಲ್ಲಾಗಲೆಂದು.

ಮೂರೂವರೆ ಗಂಟೆ. ಹಿಂಡಿದೆ.
ಒಂದೇ ಹನಿ. ಬಿಳಿಯಲ್ಲ, ಹಳದಿ, ಅಂಟಂಟು.
ಅರೆ, ಇದನ್ನು ಬಲ್ಲೆ.
ಈಗಷ್ಟೇ ಈದ ಚಮರಿಯ ಗಿಣ್ಣು!
ಇಷ್ಟು ಒಳಗಿಳಿದರೆ ಕರು ತಾನೇ ಏಳುತ್ತದೆ,
ಅನ್ನುತ್ತಿದ್ದ ಅಪ್ಪ, ಬೆರಳು ನೆಕ್ಕುತ್ತ.

ಹನಿಯನ್ನು ಅದರ ತುಟಿಗೆ ಸವರಿದೆ.
ಕೋಣೆಯ ಉಳಿದ ಮೂವರು ಬಾಣಂತಿಯರು
ಕೇಳಿ ನಕ್ಕರೆ ನಗಲಿ:
ತೋಯ್ಗ್, ತೋಯ್ಗ್.
ನಡುವೆ ಎಲ್ಲೋ ಗಂಟಲು ಕಟ್ಟಿತು.
ಈ ರಾಗ ಯಾವತ್ತೂ ಮರಿಗಾಗಿ ಇರಲಿಲ್ಲ.
ತಾಯಿಗೆ.

ಆಮೇಲೆ ಕಚ್ಚಿತು. ಕಾಲ್ಬೆರಳವರೆಗೂ ಸೆಳೆತ.
ನಿಂತಿತು. ಮತ್ತೆ.
ಕಿವಿಯ ಹತ್ತಿರ, ಗೋಧಿಕಾಳಿನಷ್ಟು ಜಾಗದಲ್ಲಿ
ಚರ್ಮ ಅಲುಗುತ್ತಿದೆ,
ಗುಟುಕು, ಗುಟುಕು.

ಅತ್ತೆ ಎದ್ದು
ಥರ್ಮಾಸಿನ ಮುಚ್ಚಳಕ್ಕೆ ಉಪ್ಪುಚಹಾ ಬಗ್ಗಿಸಿ
ನನ್ನ ಬಾಯಿಗೇ ಹಿಡಿದರು,
ಬೈಯುತ್ತಲೇ:
"ಆರುತ್ತೆ. ಕುಡಿ."