ಉಗುರುಬೆಚ್ಚಗೆ

ಲಾರ್ನಕಾದ ಈ ಕೇರಿಯಲ್ಲಿ ಮನೆಗೊಂದು ಒಂಟೆ:
ತಾರಸಿಯ ಮೇಲೆ ಮಂಡಿಯೂರಿದ ಬಿಳಿ ಪೀಪಾಯಿ,
ಎದುರಿಗೆ ಎರಡು ಕಪ್ಪು ಗಾಜಿನ ಹಲಗೆ.
ದಿನವಿಡೀ ಬಿಸಿಲು ಮೇಯುತ್ತದೆ.
ಹೊಟ್ಟೆಯೊಳಗೆ ಎಷ್ಟು ಕಾದರೂ
ಹೊರಗೆ ಸದ್ದಿಲ್ಲ.

ಮೂವತ್ತೊಂದು ವರ್ಷ ಅವುಗಳ ಹೊಟ್ಟೆನೋವು ನೋಡಿದವನು ನಾನು.
ಸುಣ್ಣ ಕಟ್ಟಿದ ಕರುಳು ಕೆರೆದಿದ್ದೇನೆ,
ಒಡೆದ ಗಾಜು ಬದಲಿಸಿದ್ದೇನೆ,
ಪಾರಿವಾಳದ ಗೂಡು ಎತ್ತಿ ಪಕ್ಕಕ್ಕಿಟ್ಟಿದ್ದೇನೆ.
ದುಡ್ಡು ತಡಮಾಡುವವರ ತಾರಸಿ ಯಾವುದೆಂದು
ಕಣ್ಣು ಮುಚ್ಚಿ ಹೇಳಬಲ್ಲೆ.

ಲೋಯಿಜೋಸನ ಮನೆಗೆ ಕರೆ ಬಂದಾಗ ಮಾತ್ರ
ಯಾವುದೂ ಸೋರುತ್ತಿರಲಿಲ್ಲ.

ಆಗಸ್ಟಿನಲ್ಲಿ ನಾಲ್ಕು ದಿನ ಬೀಗ ಹಾಕಿ
ಗುಡ್ಡದ ಮೇಲಿನ ಊರಿಗೆ ಮದುವೆಗೆ ಹೋಗಿದ್ದರಂತೆ.
ನಾಲ್ಕು ದಿನ ಯಾರೂ ನಲ್ಲಿ ತಿರುಗಿಸಲಿಲ್ಲ,
ಸೂರ್ಯ ರಜೆ ಹಾಕಲಿಲ್ಲ.
ಬಂದವನೇ, ಕುಣಿದು ದಣಿದ ಕಾಲು ತೊಳೆಯಲು
ಸ್ನಾನದ ತೊಟ್ಟಿಯ ಅಂಚಿಗೆ ಕೂತ.
ಸಕ್ಕರೆ ಕಾಯಿಲೆ ಅವನ ಪಾದಗಳನ್ನು
ಹದಿನೈದು ವರ್ಷದ ಹಿಂದೆಯೇ ಮೂಕ ಮಾಡಿತ್ತು.
"ಹೇಗಿದೆ ನೀರು?" ಅಡುಗೆಮನೆಯಿಂದ ಕೇಳಿದಳು ಕ್ರಿಸ್ಟಾಲ್ಲಾ.
"ಹಾಯಾಗಿದೆ," ಅಂದ.
ಟವೆಲ್ಲಿನಲ್ಲಿ ಒರೆಸುವಾಗ
ಬಲಗಾಲಿನ ಚರ್ಮ ಕಾಲುಚೀಲದ ಹಾಗೆ ಕಳಚಿ ಬಂತು.

ಆರು ವಾರ ಆಸ್ಪತ್ರೆ. ಎರಡು ಬೆರಳು ಅಲ್ಲೇ ಉಳಿದವು.

"ಗಾಜಿಗೆ ಕಂಬಳಿ ಹೊದಿಸಿಬಿಡು," ಎಂದಳು ನನಗೆ,
"ಕಾಯುವುದೇ ಬೇಡ ಅದು."
ಹಾಗಲ್ಲ ಕ್ರಿಸ್ಟಾಲ್ಲಾ,
ನಿಂತ ನೀರು ಅರೆಬೆಚ್ಚಗಿದ್ದರೆ
ಕಣ್ಣಿಗೆ ಕಾಣದ್ದೊಂದು ಅದರಲ್ಲಿ ಸಂಸಾರ ಹೂಡುತ್ತದೆ,
ತುಂತುರಿನೊಡನೆ ಎದೆಗೂಡಿಗಿಳಿಯುತ್ತದೆ.
ಮೇಲಿರುವಾಗ ಅರವತ್ತು ದಾಟಿಯೇ ಇರಲಿ;
ಕೆಳಗಿಳಿಯುವಾಗ ತಣ್ಣೀರಿನ ಕೈ ಹಿಡಿದು ಬರಲಿ.

ಹಿತ್ತಾಳೆಯ ಕವಾಟ, ನನ್ನ ಮುಷ್ಟಿಯಷ್ಟು.
ಒಂದು ಕಿವಿಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ, ಬಾಯಲ್ಲಿ ಹದ.
"ಒಳಗೆ ಯಾರು ಕೂತಿದ್ದಾರೆ, ಬೆರೆಸುವುದಕ್ಕೆ?"
ದಿಂಬಿನ ಮೇಲೆ ಕಾಲಿಟ್ಟುಕೊಂಡೇ ಕೇಳಿದ ಲೋಯಿಜೋಸ್.
ಒಂದು ಚೂರು ಮೇಣ, ಅಂದೆ.
ಬಿಸಿ ಹೆಚ್ಚಾದರೆ ಉಬ್ಬಿ ಬಾಗಿಲು ತಳ್ಳುತ್ತದೆ,
ಆರಿದರೆ ಕುಗ್ಗುತ್ತದೆ.
ಅಷ್ಟೇ ಅದರ ವಿದ್ಯೆ.

ಕ್ರಿಸ್ಟಾಲ್ಲಾ ಮಾತಾಡಲಿಲ್ಲ.
ಅವಳು ಚರ್ಚಿನಲ್ಲಿ, ಸಂತನ ಪಟದ ಪಕ್ಕ,
ರಿಬ್ಬನ್ನಿಗೆ ಕಟ್ಟಿ ತೂಗಿಬಿಟ್ಟು ಬಂದ
ಹರಕೆಯ ಪಾದವೂ ಮೇಣದ್ದೇ.
ಐದು ಬೆರಳಿನದು.
ಅಂಗಡಿಯಲ್ಲಿ ಮೂರರದು ಸಿಗುವುದಿಲ್ಲವಂತೆ.

ಥರ್ಮಾಮೀಟರು ಹಿಡಿದು ತಿರುಪು ತಿರುಗಿಸಿದೆ:
ಐವತ್ತೆರಡು, ನಲವತ್ತೆಂಟು,
ನಲವತ್ತಮೂರಕ್ಕೆ ಬಂದು ನಿಂತಿತು. ಮುಚ್ಚಳ ಬಿಗಿದೆ.
ಆಮೇಲೆ ತಣ್ಣೀರಿನ ದಾರಿಯನ್ನು ಬೇಕೆಂದೇ ಕಟ್ಟಿದೆ.
ಕೊಳವೆ ಕೆಮ್ಮಿತು. ಎಣಿಸಿದೆ, ಒಂದು, ಎರಡು...
ಬಿಸಿಯೂ ನಿಂತುಹೋಯಿತು,
ತಂಗಿ ಜೊತೆಗಿಲ್ಲದೆ ಹೊಸ್ತಿಲು ದಾಟದ ಅಕ್ಕನಂತೆ.

ವರ್ಷಕ್ಕೊಮ್ಮೆ ಕರೆಯಿರಿ, ಅಂದೆ,
ಮೇಣಕ್ಕೂ ವಯಸ್ಸಾಗುತ್ತದೆ, ಸುಣ್ಣ ಕೂರುತ್ತದೆ.
ಅವನ ಕಾಲನ್ನು ಕೇಳಬೇಡಿ. ಮೊದಲು ತಣ್ಣೀರು ಬಿಡಿ,
ಆಮೇಲೆ ನಿಮ್ಮ ಮೊಣಕೈ.

ಅವಳು ತೋಳು ಮಡಚಿ ಅದ್ದಿದಳು.
ತುಂಬ ಹೊತ್ತು ತೆಗೆಯಲೇ ಇಲ್ಲ.
"ಉಗುರುಬೆಚ್ಚಗಿದೆ," ಅಂದಳು ಕೊನೆಗೆ.

ಲೋಯಿಜೋಸ್ ಕಾಲು ಚಾಚಿ
ಉಳಿದ ಎಂಟನ್ನೂ ನಿಧಾನವಾಗಿ ನೋಡಿಕೊಂಡ.
"ಯಾವ ಉಗುರಿಗೆ?" ಎಂದ.

ನಾನು ಬಗ್ಗಿ
ಸ್ಪ್ಯಾನರು ಹುಡುಕತೊಡಗಿದೆ, ಕೈಯಲ್ಲೇ ಇತ್ತು.